ಪಾಠ ಬಂತು, ಪ್ರಶ್ನೆ ಕೇಳೋದು ಯಾರನ್ನ?

ಇವತ್ತು ಕಾಲೇಜಿನವರಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂ ಇದೆ, ಸರ್ಕಾರಿ ನೌಕರರ ಆನ್‌ಲೈನ್ ತರಬೇತಿಗೆ ಐಗಾಟ್ ಕರ್ಮಯೋಗಿ ಇದೆ. ಕಂಪನಿಗಳದ್ದು ಅವರವರದೇ ಆನ್‌ಲೈನ್ ತರಬೇತಿ. ಯಾವುದರಿಂದ ಪದವಿಗೆ ಲೆಕ್ಕವಾಗುವ ಕ್ರೆಡಿಟ್, ಯಾವುದರಿಂದ ಬರೀ ಸರ್ಟಿಫಿಕೇಟು ಅನ್ನೋದೇ ಗೊಂದಲ.

ಆದರೆ ದೂರದಿಂದ ಪಾಠ ಕಲಿಸೋದು ನಮಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣ ಶುರುಮಾಡಿತು. 1996ರಲ್ಲಿ ಆ ವಿಭಾಗವೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನಡುವೆ 1975-76ರಲ್ಲಿ ಗುಲ್ಬರ್ಗ, ರಾಯಚೂರು, ವಿಜಾಪುರದ ಹಳ್ಳಿಗಳ ಟಿವಿಗೆ ಉಪಗ್ರಹದಿಂದ ಪಾಠ ಬಂತು. ಜನ ನೋಡಬಹುದಿತ್ತು, ತಿರುಗಿ ಕೇಳುವ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು ಪಂಚಾಯಿತಿ ತರಬೇತಿಯಲ್ಲಿ. 1993ರ ಕಾಯ್ದೆಯಿಂದ ಸಾವಿರಾರು ಹೆಣ್ಣುಮಕ್ಕಳು ಮೊದಲ ಸಲ ಗ್ರಾಮ ಪಂಚಾಯಿತಿಗೆ ಬಂದರು. ಅಷ್ಟು ಜನರನ್ನು ಒಂದೇ ಊರಿಗೆ ಕರೆಸಿ ಕಲಿಸೋದು ಆಗದ ಮಾತು. ಆ ದಶಕದ ನಡುವಿನಲ್ಲಿ ಇಸ್ರೋ ನೆರವಿನಿಂದ ಒಂದು ಪ್ರಯೋಗ ನಡೆಯಿತು. ಸ್ಟುಡಿಯೋದಿಂದ ಚಿತ್ರ ಬರುತ್ತಿತ್ತು, ಸದಸ್ಯೆಯರು ತಮ್ಮ ಕೇಂದ್ರದಿಂದ ಫೋನಿನಲ್ಲಿ ಪ್ರಶ್ನೆ ಕೇಳುತ್ತಿದ್ದರು. ಈ ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಆ ಫೋನು.

ಆಮೇಲೆ ಬಂದದ್ದು ಎಜುಸ್ಯಾಟ್. 2004ರ ಸೆಪ್ಟೆಂಬರ್ 20ರಂದು ಹಾರಿದ, ಶಿಕ್ಷಣಕ್ಕೆಂದೇ ಮೀಸಲಾದ ದೇಶದ ಮೊದಲ ಉಪಗ್ರಹ. ಅದಕ್ಕೂ ಮೊದಲೇ ಇನ್ಸಾಟ್-3ಬಿ ಉಪಗ್ರಹದ ಮೂಲಕ ಪ್ರಯೋಗಕ್ಕಿಳಿದ ಮೂರು ವಿಶ್ವವಿದ್ಯಾಲಯಗಳಲ್ಲಿ ನಮ್ಮ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಒಂದು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಡಿಷ್, ಪ್ರೊಜೆಕ್ಟರ್ ಕೂತವು. ಒಳ್ಳೆಯ ಮೇಷ್ಟ್ರು ಸಿಗದ ಊರಿಗೂ ಒಳ್ಳೆಯ ಪಾಠ ತಲುಪಲಿ ಅನ್ನೋದು ಆಸೆ. ಅದು ದೊಡ್ಡ ಆಸೆಯೇ. ಆದರೆ ನೇರ ಪ್ರಸಾರದ ಗಡಿಯಾರಕ್ಕೆ ಕಾಲೇಜಿನ ಗಡಿಯಾರ ಹೊಂದಿಕೆಯಾಗಬೇಕು. ಆ ಹೊತ್ತಿಗೆ ನಿಮ್ಮ ಕಾಲೇಜಿನಲ್ಲಿ ಲ್ಯಾಬ್ ಇದ್ದರೆ ಪಾಠ ತಪ್ಪಿತು. ಕರೆಂಟ್ ಹೋದರೂ ಅಷ್ಟೇ. ಜೋರು ಮಳೆಗೆ ಉಪಗ್ರಹದ ಕೆಯು ಬ್ಯಾಂಡ್ (ಒಂದು ತರಂಗಶ್ರೇಣಿ) ಸಿಗ್ನಲ್ ಕುಗ್ಗುತ್ತದೆ, ಮಲೆನಾಡಿನಲ್ಲಿ ಅದು ಸಣ್ಣ ತೊಂದರೆಯಲ್ಲ. ಇದಕ್ಕೆಲ್ಲ ಒಬ್ಬರನ್ನೇ ದೂರಲಾಗದು. ಡಿಷ್‌ಗೆ ಬಜೆಟ್ ಸಿಗುತ್ತದೆ. ಪಾಠದ ನಂತರ ಹುಡುಗರ ಜೊತೆ ಕೂರುವ ಸ್ಥಳೀಯ ಮೇಷ್ಟ್ರಿಗೆ ಸಿಗೋದು ಕಡಿಮೆ, ಅಲ್ವಾ?

ಎಜುಸ್ಯಾಟ್ 2010ರಲ್ಲಿ ನಿವೃತ್ತವಾಯಿತು. ಅಷ್ಟರಲ್ಲಿ ಐಐಟಿ ಮತ್ತು ಐಐಎಸ್‌ಸಿಯ ಎನ್‌ಪಿಟಿಇಎಲ್ ಅನ್ನೋ ಯೋಜನೆಯ ವಿಡಿಯೋ ಪಾಠಗಳು ಯೂಟ್ಯೂಬಿನಲ್ಲಿದ್ದವು. ಬೇಕಾದಾಗ ನೋಡಬಹುದು, ನಿಲ್ಲಿಸಿ ಮತ್ತೆ ನೋಡಬಹುದು. ಗಡಿಯಾರದ ಕಾಟ ಹೋಯಿತು. ಅದರ ಜೊತೆಗೆ ಪ್ರಶ್ನೆ ಕೇಳುವ ಆ ಫೋನೂ ಹೋಯಿತು. 2017ರಲ್ಲಿ ಸ್ವಯಂ ಬಂತು. 2020ರಲ್ಲಿ ಕೊರೋನಾ ಎಲ್ಲರನ್ನೂ ಮೊಬೈಲಿಗೆ ತಳ್ಳಿತು, ಮಲೆನಾಡಿನ ಮಕ್ಕಳು ನೆಟ್‌ವರ್ಕಿಗಾಗಿ ಗುಡ್ಡ ಹತ್ತಿದರು.

2021ರಿಂದ ಒಂದು ಸೆಮಿಸ್ಟರಿನ ಶೇಕಡಾ 40ರಷ್ಟು ಕೋರ್ಸ್‌ಗಳನ್ನು ಸ್ವಯಂ ಮೂಲಕ ಓದಲು ಯುಜಿಸಿ ಅವಕಾಶ ಕೊಟ್ಟಿದೆ. ಎನ್‌ಪಿಟಿಇಎಲ್‌ನ ಸ್ಥಳೀಯ ಕೇಂದ್ರವಿರುವ ಕಾಲೇಜುಗಳಲ್ಲಿ ಮೆಂಟರ್, ಅಂದರೆ ಆನ್‌ಲೈನ್ ಓದಿಗೆ ನೆರವಾಗುವ ಅಲ್ಲಿನ ಮೇಷ್ಟ್ರು, ಇರುವ ವ್ಯವಸ್ಥೆಯೂ ಇದೆ. ಆ ಮೆಂಟರ್‌ಗೆ ಟೈಮ್‌ಟೇಬಲಿನಲ್ಲಿ ವಾರಕ್ಕೊಂದು ಪೀರಿಯಡ್ ಬಿಟ್ಟುಕೊಡಲು ಹೊಸ ಉಪಗ್ರಹವೇನೂ ಬೇಕಿಲ್ಲ.