ವಾದ ತೀರ್ಮಾನದ ಮೇಲೆ, ಅನುಮಾನ ಲಸಿಕೆಯ ಮೇಲೆ

ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಊರೂರಲ್ಲಿ ಹರಡಿದ್ದಾಗ, 2025ರ ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೋವಿಡ್ ಲಸಿಕೆಗೆ ತರಾತುರಿಯಲ್ಲಿ ಅನುಮೋದನೆ ಕೊಟ್ಟು ಹಂಚಿದ್ದೂ ಈ ಸಾವುಗಳಿಗೆ ಕಾರಣವಾಗಿರಬಹುದು, ಅದನ್ನು ಅಲ್ಲಗಳೆಯಲಾಗದು ಎಂಬ ಅರ್ಥದ ಹೇಳಿಕೆ ನೀಡಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯವು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು, ಲಸಿಕೆಗೂ ಹಠಾತ್ ಸಾವಿಗೂ ಸಂಬಂಧವಿಲ್ಲ ಎಂದಿತು. ಆ ವಾರದಿಂದ ಶಿರಾದ ನನ್ನ ಕ್ಲಿನಿಕ್ಕಿಗೆ ಬಂದವರಲ್ಲಿ ಅನೇಕರು ತಮ್ಮ ಕಾಯಿಲೆ ಹೇಳಿಕೊಳ್ಳುವ ಮೊದಲೇ ಕೇಳಿದ್ದು, "ಡಾಕ್ಟ್ರಮ್ಮಾ, ಇಬ್ರಲ್ಲಿ ಯಾರ್ ಮಾತು ನಿಜ?" ಎಂದು.

ಕೇಳುವುದರಲ್ಲಿ ತಪ್ಪಿಲ್ಲ. ನನಗೆ ಬೇಸರ ತರುವುದು ಅದರ ಮುಂದಿನ ಮಾತು. "ಅವ್ರವ್ರಲ್ಲೇ ಒಂದು ಮಾತಿಲ್ಲ ಅಂದ್ಮೇಲೆ ನಾವ್ಯಾಕೆ ನಂಬೋಣ?" ಎಂದು ಕೇಳಿ, ಲಸಿಕೆಯನ್ನಷ್ಟೇ ಅಲ್ಲದೆ ತಾವು ಹತ್ತು ವರ್ಷದಿಂದ ನುಂಗುತ್ತಿರುವ ರಕ್ತದೊತ್ತಡದ ಮಾತ್ರೆಯನ್ನೂ ಕೆಲವರು ಪಕ್ಕಕ್ಕಿಡುತ್ತಾರೆ. ಕೋವಿಡ್ ಶುರುವಾದ 2020ರಿಂದ ಇವತ್ತಿನವರೆಗೂ ನಾನು ಕಾಣುತ್ತಿರುವ ತಪ್ಪು ಇದೊಂದೇ: ಮುಖಂಡರು ಜಗಳವಾಡಿದರೆ ವೈದ್ಯಶಾಸ್ತ್ರದಲ್ಲೇ ಜಗಳವಿದೆ ಎಂದುಕೊಳ್ಳುವುದು. ಓದಿದವರಲ್ಲೂ ಇದೆ, ಓದದವರಲ್ಲೂ ಇದೆ, ಎರಡೂ ಪಕ್ಷದವರಲ್ಲೂ ಸಮನಾಗಿದೆ.

ಆರೋಗ್ಯದ ವಿಷಯದಲ್ಲಿ ಸರ್ಕಾರ ಹೊರಡಿಸುವ ಯಾವುದೇ ಆದೇಶದೊಳಗೆ ಎರಡು ಸಂಗತಿಗಳು ಒಟ್ಟಿಗೆ ಸೇರಿಕೊಂಡಿರುತ್ತವೆ. ಒಂದು, ರೋಗದ ಬಗ್ಗೆ ಅಂದಿನವರೆಗೆ ಗೊತ್ತಿರುವ ತಿಳಿವಳಿಕೆ. ಇನ್ನೊಂದು, ಆ ತಿಳಿವಳಿಕೆಯನ್ನು ಇಟ್ಟುಕೊಂಡು, ಕೈಯಲ್ಲಿರುವ ಹಣ, ಹಾಸಿಗೆ, ಲಸಿಕೆ, ಸಿಬ್ಬಂದಿ ಇವೆಲ್ಲವನ್ನೂ ಲೆಕ್ಕ ಹಾಕಿ ಆಳುವವರು ತೆಗೆದುಕೊಂಡ ತೀರ್ಮಾನ. ಪಾವಗಡದ ಕಡಲೆಕಾಯಿ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ: ಮಳೆ ಯಾವಾಗ ಬರಬಹುದು ಎಂಬುದು ಒಂದು ಪ್ರಶ್ನೆ, ಈ ವಾರ ಬಿತ್ತನೆ ಮಾಡಬೇಕೇ ಎಂಬುದು ಬೇರೆ ಪ್ರಶ್ನೆ, ಮತ್ತು ಬಿತ್ತನೆಯ ವಿಷಯಕ್ಕೆ ಅಣ್ಣತಮ್ಮಂದಿರು ಜಗಳವಾಡಿದರೆಂದು ಯಾರೂ ಮಳೆಯನ್ನೇ ಸುಳ್ಳೆನ್ನುವುದಿಲ್ಲ. ಸಾಂಕ್ರಾಮಿಕದ ಕಾಲದಲ್ಲಿ ನಾವು ಟಿವಿಯಲ್ಲಿ ನೋಡಿದ ಬಹುಪಾಲು ಜಗಳಗಳು ತೀರ್ಮಾನಗಳ ಮೇಲೆ ನಡೆದವು. ನನ್ನ ರೋಗಿಗಳು ಅನುಮಾನವನ್ನು ತಂದು ಹಾಕಿದ್ದು ತಿಳಿವಳಿಕೆಯ ಮೇಲೆ.

ಕೋವಿಶೀಲ್ಡ್ ಲಸಿಕೆಯ ಎರಡು ಡೋಸ್‌ಗಳ ನಡುವಿನ ಅಂತರವನ್ನೇ ತೆಗೆದುಕೊಳ್ಳಿ. 2021ರ ಜನವರಿಯಲ್ಲಿ ಲಸಿಕೆ ಆರಂಭವಾದಾಗ ಅದು 4ರಿಂದ 6 ವಾರ ಇತ್ತು. ಮಾರ್ಚ್ 22ರಂದು 6ರಿಂದ 8 ವಾರವಾಯಿತು. ಎರಡನೇ ಅಲೆಯ ನಟ್ಟನಡುವೆ, ಮೇ 13ರಂದು, ಅದನ್ನು 12ರಿಂದ 16 ವಾರಕ್ಕೆ ಏರಿಸಲಾಯಿತು. ಬೆಳಗಿನ ಜಾವ ಬಂದು ಟೋಕನ್‌ಗಾಗಿ ಸಾಲು ನಿಂತ ಹಿರಿಯರಿಗೆ, ನಿಮ್ಮ ದಿನ ಇನ್ನೂ ಬಂದಿಲ್ಲ, ಮುಂದಿನ ತಿಂಗಳು ಬನ್ನಿ ಎಂದು ಹೇಳಿ ಕಳಿಸುವ ಕೆಲಸ ನಮ್ಮ ನರ್ಸ್‌ಗಳ ಮತ್ತು ಆಶಾ ಕಾರ್ಯಕರ್ತೆಯರ ಪಾಲಿಗೆ ಬಂತು. ಬೈಗುಳ ತಿಂದವರೂ ಅವರೇ.

ಆಗ ನಿಜವಾಗಿ ಗೊತ್ತಿದ್ದದ್ದು ಇಷ್ಟು: ಎರಡು ಡೋಸ್‌ಗಳ ನಡುವೆ ಹನ್ನೆರಡು ವಾರಗಳಷ್ಟು ಅಂತರ ಕೊಟ್ಟರೆ ಕೋವಿಶೀಲ್ಡ್ ಮಾದರಿಯ ಲಸಿಕೆಯ ಪರಿಣಾಮ ಕುಗ್ಗುವುದಿಲ್ಲ, ಬದಲಿಗೆ ಹೆಚ್ಚುತ್ತದೆ ಎಂದು ಪ್ರಯೋಗಗಳ ಫಲಿತಾಂಶ ಸೂಚಿಸಿತ್ತು. ಇದು ತಿಳಿವಳಿಕೆ. ಲಸಿಕೆ ಸಾಲದಿದ್ದಾಗ ಇದ್ದಷ್ಟನ್ನು ಹೆಚ್ಚು ಜನರಿಗೆ ಮೊದಲ ಡೋಸ್ ಆಗಿ ಹಂಚುವುದು ತೀರ್ಮಾನ. ಬ್ರಿಟನ್ 2020ರ ಡಿಸೆಂಬರ್‌ನಲ್ಲೇ ಅಂತರವನ್ನು ಹನ್ನೆರಡು ವಾರಗಳವರೆಗೆ ಹೆಚ್ಚಿಸಿ, ಆದಷ್ಟು ಹೆಚ್ಚು ಜನರಿಗೆ ಬೇಗ ಮೊದಲ ಡೋಸ್ ಸಿಗಲಿ ಎಂಬ ಕಾರಣವನ್ನು ಬಹಿರಂಗವಾಗಿಯೇ ಹೇಳಿತ್ತು. ನಮ್ಮಲ್ಲಿ ಹಾಗಾಗಲಿಲ್ಲ. ಕೊರತೆಯ ಮಾತನ್ನು ಬದಿಗಿಟ್ಟು ಇಡೀ ನಿರ್ಧಾರವನ್ನು ವಿಜ್ಞಾನದ ಹೆಸರಿನಲ್ಲಿ ಮುಂದಿಡಲಾಯಿತು. ಜೂನ್‌ನಲ್ಲಿ, ಲಸಿಕೆಯ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ತಜ್ಞರ ಗುಂಪಿನ ಕೆಲವು ಸದಸ್ಯರು ಅಷ್ಟು ದೀರ್ಘ ಅಂತರಕ್ಕೆ ತಾವು ಒಪ್ಪಿರಲಿಲ್ಲವೆಂದು ಪತ್ರಕರ್ತರಿಗೆ ಹೇಳಿದರು, ಸರ್ಕಾರ ಅದು ಒಮ್ಮತದ ತೀರ್ಮಾನವೆಂದಿತು.

ಗಮನಿಸಿ, ಆ ತಜ್ಞರಲ್ಲಿ ಯಾರೂ ಲಸಿಕೆ ಬೇಡವೆಂದಿರಲಿಲ್ಲ. ಎಂಟರಿಂದ ಹನ್ನೆರಡೋ, ಹನ್ನೆರಡರಿಂದ ಹದಿನಾರೋ ಎಂಬುದಷ್ಟೇ ಅವರ ಭಿನ್ನಾಭಿಪ್ರಾಯ. ಆದರೆ ನಮ್ಮ ತಾಲ್ಲೂಕಿನ ಹಟ್ಟಿಗಳಿಗೆ ಆ ಸುದ್ದಿ ತಲುಪುವ ಹೊತ್ತಿಗೆ, ಲಸಿಕೆಯ ವಿಷಯದಲ್ಲಿ ಅವರಿಗೇ ಖಾತ್ರಿ ಇಲ್ಲವಂತೆ ಎಂಬ ಮಾತಾಗಿತ್ತು. ಡೆಲ್ಟಾ ತಳಿಯ ಎದುರು ಒಂದು ಡೋಸ್ ಕೊಡುವ ರಕ್ಷಣೆ ತೀರ ಕಡಿಮೆ, ಎರಡನೆಯದು ಬೇಕೇ ಬೇಕು ಎಂದು ನಾವು ಹೇಳುತ್ತಿದ್ದ ದಿನಗಳಲ್ಲೇ, ಎರಡನೇ ಡೋಸ್‌ಗೆ ಬರಬೇಕಾದವರು ಮನೆಯಲ್ಲೇ ಉಳಿದರು.

ಮಾಸ್ಕ್ ವಿಷಯ ಇದಕ್ಕಿಂತ ಸ್ವಲ್ಪ ತೊಡಕಿನದು, ಏಕೆಂದರೆ ಅಲ್ಲಿ ತಿಳಿವಳಿಕೆಯೂ ಬದಲಾಯಿತು. 2020ರ ಮಾರ್ಚ್‌ನಲ್ಲಿ ಆರೋಗ್ಯವಂತರಿಗೆ ಮಾಸ್ಕ್ ಬೇಕಿಲ್ಲ ಎಂದರು. ಏಪ್ರಿಲ್ ಮೊದಲ ವಾರದಲ್ಲಿ ಮನೆಯಲ್ಲೇ ಹೊಲಿದ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಿ ಎಂದು ಕೇಂದ್ರ ಸರ್ಕಾರ ಸಲಹೆ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಅದೇ ದಾರಿಗೆ ಬಂದದ್ದು ಜೂನ್ 5ರಂದು. ಜ್ವರ, ಕೆಮ್ಮು ಕಾಣಿಸುವ ಮೊದಲೇ ಸೋಂಕು ಹರಡುತ್ತದೆಂಬ ಅಂಶ ಈ ನಡುವೆ ಸ್ಪಷ್ಟವಾಯಿತು. ಹಾಗೆ ಸ್ಪಷ್ಟವಾದ ಮೇಲೂ ಹಳೆಯ ಮಾತಿಗೇ ಅಂಟಿಕೊಂಡಿದ್ದರೆ ಅದು ಅಪರಾಧವಾಗುತ್ತಿತ್ತು. ಆದರೂ ಮೊದಲ ಸಲಹೆಯ ಹಿಂದೆ ಇನ್ನೊಂದು ಕಾರಣವಿತ್ತು: ಇದ್ದ ಮಾಸ್ಕ್‌ಗಳು ಆಸ್ಪತ್ರೆ ಸಿಬ್ಬಂದಿಗೆ ಉಳಿಯಬೇಕಿತ್ತು. ಅದನ್ನು ಜನರ ಮುಂದೆ ನೇರವಾಗಿ ಹೇಳಿದ್ದರೆ ನಮ್ಮ ಜನ ಒಪ್ಪುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಪಡಿತರ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು ಬದುಕಿದವರಿಗೆ ಕೊರತೆ ಅರ್ಥವಾಗುತ್ತದೆ.

ಹಾಗೆಂದು ತಪ್ಪನ್ನೆಲ್ಲ ರೋಗಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಈ ಗೊಂದಲವನ್ನು ಬಿತ್ತಿದವರು ಮುಖ್ಯವಾಗಿ ಮುಖಂಡರು. 2020ರ ಅಕ್ಟೋಬರ್ ಆರಂಭದಲ್ಲಿ ಮಾಸ್ಕ್ ಹಾಕದವರಿಗೆ ನಗರಗಳಲ್ಲಿ 1000, ಹಳ್ಳಿಗಳ ಕಡೆ 500 ರೂಪಾಯಿ ದಂಡವೆಂದು ರಾಜ್ಯ ಸರ್ಕಾರ ಪ್ರಕಟಿಸಿತು, ವಾರ ಕಳೆಯುವುದರೊಳಗೆ ಅದನ್ನು 250 ಮತ್ತು 100ಕ್ಕೆ ಇಳಿಸಿತು. ಅದೇ ವರ್ಷ ನವೆಂಬರ್ 3ರಂದು ನಮ್ಮ ಶಿರಾ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಪ್ರಚಾರದ ಮೆರವಣಿಗೆಗಳಲ್ಲಿ ಎಲ್ಲ ಪಕ್ಷಗಳ ಮುಖಂಡರ ಮಾಸ್ಕ್‌ಗಳು ಗದ್ದದ ಕೆಳಗೆ ಜಾರಿದ್ದನ್ನು ಊರಿಗೆ ಊರೇ ನೋಡಿತು. ಆ ಡಿಸೆಂಬರ್‌ನಲ್ಲಿ ರಾತ್ರಿ ಕರ್ಫ್ಯೂ ಘೋಷಿಸಿ, ಸಮಯ ಬದಲಿಸಿ, ಜಾರಿಗೆ ಬರುವ ಕೆಲವೇ ಗಂಟೆಗಳ ಮೊದಲು ಹಿಂಪಡೆದರು. 2022ರ ಜನವರಿಯಲ್ಲಿ, ಓಮಿಕ್ರಾನ್ ಏರುತ್ತಿದ್ದಾಗ, ವಾರಾಂತ್ಯದ ಕರ್ಫ್ಯೂ ಇದ್ದಾಗಲೇ ಅಂದಿನ ವಿರೋಧ ಪಕ್ಷ ಮೇಕೆದಾಟು ಪಾದಯಾತ್ರೆ ಹೊರಟಿತು. ಲಸಿಕೆ ಪ್ರಮಾಣಪತ್ರದ ಮೇಲೆ ಪ್ರಧಾನಿಯವರ ಭಾವಚಿತ್ರ ಅಚ್ಚಾಯಿತು. ಅದು ಸರಿಯೇ ತಪ್ಪೇ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ವೈದ್ಯಳಾಗಿ ನನಗೆ ಕಂಡದ್ದು ಇಷ್ಟೇ: ಔಷಧದ ಕಾಗದದ ಮೇಲೆ ಒಂದು ಪಕ್ಷದ ಮುಖಂಡರ ಮುಖ ಬಂದ ದಿನದಿಂದ, ಆ ಪಕ್ಷವನ್ನು ಒಪ್ಪದ ರೋಗಿಗೆ ಲಸಿಕೆಯನ್ನು ಒಪ್ಪಿಸುವುದು ಕಷ್ಟವಾಯಿತು.

ಈಗ ಹಾಸನದ ವಿಷಯಕ್ಕೆ ಮರಳುತ್ತೇನೆ. ಮುಖ್ಯಮಂತ್ರಿಗಳ ಹೇಳಿಕೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ವಾಕ್ಯದೊಳಗೆ ಕೂಡಿಕೊಂಡವು. ಲಸಿಕೆಗೆ ತರಾತುರಿಯಲ್ಲಿ ಅನುಮೋದನೆ ಕೊಟ್ಟರೇ ಎಂಬುದು ತೀರ್ಮಾನದ ಕುರಿತ ಪ್ರಶ್ನೆ, ಮತ್ತು ಅದು ಕೇಳಬೇಕಾದ ಪ್ರಶ್ನೆಯೇ. 2021ರ ಜನವರಿ 3ರಂದು ಕೋವ್ಯಾಕ್ಸಿನ್‌ಗೆ ಅನುಮತಿ ಸಿಕ್ಕಾಗ ಅದರ ಮೂರನೇ ಹಂತದ ಪ್ರಯೋಗದ ಫಲಿತಾಂಶ ಇನ್ನೂ ಬಂದಿರಲಿಲ್ಲ, ವೈದ್ಯರಲ್ಲೇ ಅನೇಕರು ಅಂದು ಆಕ್ಷೇಪಿಸಿದ್ದರು. ಆದರೆ ಲಸಿಕೆಯಿಂದ ಯುವಕರ ಹೃದಯ ನಿಲ್ಲುತ್ತಿದೆಯೇ ಎಂಬುದು ಎಣಿಸಿ, ಹೋಲಿಸಿ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ. ಮೊದಲನೆಯದಕ್ಕೆ ಹೌದು ಎಂದವರು ಎರಡನೆಯದಕ್ಕೂ ಹೌದು ಎನ್ನಲೇಬೇಕೆಂದಿಲ್ಲ.

ಹೋಲಿಕೆ ಏಕೆ ಬೇಕು ಎಂಬುದನ್ನು ನಾನು ದಿನಕ್ಕೆ ಹಲವು ಬಾರಿ ವಿವರಿಸುತ್ತೇನೆ, ಇಲ್ಲಿಯೂ ವಿವರಿಸುತ್ತೇನೆ. ದೇಶದಲ್ಲಿ 2022ರ ಜುಲೈ ಹೊತ್ತಿಗೆ 200 ಕೋಟಿ ಡೋಸ್ ಕೊಟ್ಟಾಗಿತ್ತು, ವಯಸ್ಕರಲ್ಲಿ ಬಹುಪಾಲು ಜನ ಲಸಿಕೆ ಪಡೆದವರೇ. ಹೀಗಿರುವಾಗ ಇಂದು ಯಾವ ಕಾರಣದಿಂದ ಯಾರೇ ಸತ್ತರೂ, ಅವರು ಲಸಿಕೆ ಹಾಕಿಸಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಹಾವು ಕಚ್ಚಿ ಸತ್ತವರಲ್ಲಿ ಎಷ್ಟು ಜನ ಲಸಿಕೆ ಪಡೆದಿದ್ದರೆಂದು ಎಣಿಸಿದರೂ ದೊಡ್ಡ ಸಂಖ್ಯೆಯೇ ಸಿಗುತ್ತದೆ. ಆದ್ದರಿಂದ ಸತ್ತವರನ್ನು ಮಾತ್ರ ಎಣಿಸಿದರೆ ಸಾಲದು. ಅದೇ ವಯಸ್ಸಿನ, ಅದೇ ಪ್ರದೇಶದ, ಬದುಕಿರುವವರನ್ನೂ ಎಣಿಸಿ, ಲಸಿಕೆ ಪಡೆದವರ ಪ್ರಮಾಣ ಯಾವ ಗುಂಪಿನಲ್ಲಿ ಹೆಚ್ಚು ಎಂದು ನೋಡಬೇಕು. ಐಸಿಎಂಆರ್ ಮಾಡಿದ್ದು ಇದನ್ನೇ. 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳ ಮೂಲಕ, 18ರಿಂದ 45 ವರ್ಷದೊಳಗಿನ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದು ಹಠಾತ್ತನೆ ತೀರಿಕೊಂಡ 729 ಜನರ ವಿವರವನ್ನು ಬದುಕಿದ್ದ 2916 ಜನರ ವಿವರದೊಂದಿಗೆ ಹೋಲಿಸಿದರು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಅದು ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸವಿದ್ದವರಲ್ಲಿ, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ವಿಪರೀತ ಕುಡಿದವರಲ್ಲಿ, ಮಾದಕ ವಸ್ತು ಬಳಸಿದವರಲ್ಲಿ, ಮಿತಿಮೀರಿ ದೇಹ ದಂಡಿಸಿದವರಲ್ಲಿ. ನಂತರ ರಾಜ್ಯ ಸರ್ಕಾರವೇ ನೇಮಿಸಿದ, ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಗೂ ಲಸಿಕೆಯ ನಂಟು ಕಾಣಲಿಲ್ಲ.

ಯಾವ ಲಸಿಕೆಯೂ ಯಾರಿಗೂ ಏನೂ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಕುಸಿಯುವ ತೊಂದರೆ ಆಗಬಹುದೆಂದು ಯುರೋಪಿನ ನಿಯಂತ್ರಕರು 2021ರ ಏಪ್ರಿಲ್‌ನಲ್ಲೇ ಒಪ್ಪಿದ್ದರು. ಅದು ಸಾಮಾನ್ಯವಾಗಿ ಲಸಿಕೆ ಪಡೆದ ಕೆಲವು ವಾರಗಳೊಳಗೆ ಕಾಣಿಸಿಕೊಳ್ಳುವ ತೊಂದರೆ. ವರ್ಷಗಳ ಹಿಂದೆ ಚುಚ್ಚಿಸಿಕೊಂಡವರು ಈಗ ಅದಕ್ಕೆ ಹೆದರಬೇಕಾಗಿಲ್ಲ.

ಮಂಡಿಯಲ್ಲಿ ವ್ಯಾಪಾರ ಮಾಡುವ, ಐವತ್ತು ದಾಟಿದ ಒಬ್ಬರು ಆ ಜುಲೈನಲ್ಲಿ ತುಮಕೂರಿನ ಲ್ಯಾಬ್‌ವರೆಗೆ ಹೋಗಿ ರಕ್ತ ಹೆಪ್ಪುಗಟ್ಟಿರಬಹುದೇ ಎಂದು ತಿಳಿಸುವ ಡಿ-ಡೈಮರ್ ಪರೀಕ್ಷೆ ಮಾಡಿಸಿಕೊಂಡು, ವರದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿಟ್ಟುಕೊಂಡು ನನ್ನ ಬಳಿ ಬಂದರು. ವರದಿ ಸರಿಯಾಗಿಯೇ ಇತ್ತು. ಕೈಗೆ ಪಟ್ಟಿ ಸುತ್ತಿ ನೋಡಿದರೆ ರಕ್ತದೊತ್ತಡ 180/110, ಬೆರಳು ಚುಚ್ಚಿ ನೋಡಿದರೆ ಸಕ್ಕರೆ 280. ಜೇಬಿನಲ್ಲಿ ಬೀಡಿ ಕಟ್ಟು. ಮಾತ್ರೆ ಏಕೆ ಬಿಟ್ಟಿರೆಂದರೆ, "ಎಲ್ಲಾ ಕಂಪನಿಯೋರ್ ಆಟ ಅಂತ ಮೊಬೈಲಲ್ಲಿ ಬಂತಲ್ಲ ಡಾಕ್ಟ್ರಮ್ಮಾ" ಎಂದರು. ಮರ್ಯಾದಸ್ಥರು, ಮೂವರು ಹೆಣ್ಣುಮಕ್ಕಳ ತಂದೆ, ಸಾವಿಗೆ ನಿಜವಾಗಿಯೂ ಹೆದರಿದ್ದರು. ಅವರ ಮೇಲೆ ರೇಗಲು ನನಗೆ ಮನಸ್ಸಾಗಲಿಲ್ಲ. ಅವರ ಹೆಂಡತಿಯನ್ನೂ ಒಳಗೆ ಕರೆದು ಕೂರಿಸಿ, ಈ ಎರಡು ಸಂಖ್ಯೆಗಳನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆದು, ಇವರ ಹೃದಯಕ್ಕೆ ಅಪಾಯ ಇರುವುದು ಇಲ್ಲಿ ಎಂದು ತೋರಿಸಿ, ಮಾತ್ರೆ ಮತ್ತೆ ಶುರು ಮಾಡಿಸಿದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಗುರುವಾರಗಳು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ ಅದು. ದಡಾರ, ರುಬೆಲ್ಲಾ ಲಸಿಕೆಗೆ ಮೊದಲೆಲ್ಲ ತಾಯಿ ಕಾರ್ಡ್ ಹಿಡಿದು ತಾವಾಗಿಯೇ ಬರುತ್ತಿದ್ದ ಬಾಣಂತಿಯರಲ್ಲಿ ಕೆಲವರು ಈಗ, ಇದೂ ಹಂಗೇನಾ ಎಂದು ಕೇಳುತ್ತಾರೆಂದು ಆಶಾ ಕಾರ್ಯಕರ್ತೆಯರು ಹೇಳುತ್ತಾರೆ. ವರ್ಷಗಳಿಂದ ಕೊಡುತ್ತಿರುವ ಲಸಿಕೆಗೂ ರಾಜಕೀಯದ ಅನುಮಾನ ಅಂಟುವುದಾದರೆ, ಅದರ ಬೆಲೆ ತೆರುವವರು ವೋಟಿಲ್ಲದ ಮಕ್ಕಳು.

ಮುಖಂಡರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ನಮಗೆ ಗೊತ್ತಿರುವುದು ಇಷ್ಟು, ಇದರ ಆಧಾರದ ಮೇಲೆ ನಾವು ನಿರ್ಧರಿಸಿದ್ದು ಇದು, ಇದಕ್ಕೆ ನಾವು ಹೊಣೆ ಎಂದು ಎರಡನ್ನೂ ಬಿಡಿಸಿ ಹೇಳಲಿ. ಮೊದಲ ಭಾಗವನ್ನು ಜಿಲ್ಲಾ ಆರೋಗ್ಯಾಧಿಕಾರಿಯೋ ತಜ್ಞರೋ ಹೇಳಲಿ, ಎರಡನೆಯದನ್ನು ಸಚಿವರು ಹೇಳಲಿ. ಆಮೇಲೆ ವಿರೋಧ ಪಕ್ಷದವರು ಎರಡನೆಯದನ್ನು ಎಷ್ಟು ಬೇಕಾದರೂ ಟೀಕಿಸಲಿ. ಅದು ಅವರ ಕೆಲಸ, ಮತ್ತು ಅದು ಬೇಕು.

ಮುಖ್ಯಮಂತ್ರಿಗಳ ಅದೇ ಜುಲೈ 1ರ ಹೇಳಿಕೆಯಲ್ಲಿ, ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡರೆ ತಕ್ಷಣ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ನಿರ್ಲಕ್ಷಿಸಬೇಡಿ ಎಂಬ ಮಾತೂ ಇತ್ತು. ಯಾವ ಪಕ್ಷದವರೂ ಜಗಳ ತೆಗೆಯದ ಆ ಮಾತನ್ನು ನನ್ನ ರೋಗಿಗಳಲ್ಲಿ ಒಬ್ಬರೂ ನೆನಪಿಟ್ಟುಕೊಂಡಿರಲಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ಮಾಡಿ, ಅಗತ್ಯವಿದ್ದವರಿಗೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದರ ಪ್ರಯೋಜನ ಹೆಚ್ಚಾಗಿ ಸಿಗುವುದು ನೋವು ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ. ಎದೆ ಹಿಡಿದುಕೊಂಡಂತಾಗಿ, ನೋವು ಎಡಗೈಗೋ ದವಡೆಗೋ ಇಳಿದು, ಮೈ ಬೆವರಿದರೆ, ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ.