ತಾಳ ಕಟ್ಟುವುದು ತಡೆಯುವ ಕೋಶಗಳು

ಹಾಸನದ ಕಟ್ಟಿನಕೆರೆ ಮಾರುಕಟ್ಟೆಗೆ ಮೊದಲ ಸಲ ಹೋದವರು ಸೊಪ್ಪು ಎಲ್ಲಿ, ಹೂವು ಎಲ್ಲಿ ಅಂತ ಕೇಳಿಕೊಂಡು ಅಲೆಯುತ್ತಾರೆ. ನಾಲ್ಕು ಸಲ ಹೋದಮೇಲೆ ಕಾಲೇ ದಾರಿ ಹಿಡಿಯುತ್ತದೆ. ಆ ದಾರಿಯನ್ನು ಮನಸ್ಸಿನಲ್ಲಿ ಕೂರಿಸುವ ಕೆಲಸದಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ಪಾತ್ರ ದೊಡ್ಡದು. ಅದು ಮೆದುಳಿನ ಎರಡೂ ಬದಿಯಲ್ಲಿ, ಕಿವಿಯ ಮಟ್ಟದಲ್ಲಿ, ಒಳಗೆ ಆಳದಲ್ಲಿದೆ.

ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ, ಅಂದರೆ ವಿದ್ಯುತ್ ಸಂಕೇತ ಹೊರಡಿಸುವ, ನರಕೋಶಗಳು ಇಲ್ಲಿವೆ ಎಂದು ನರವಿಜ್ಞಾನಿ ಜಾನ್ ಓಕೀಫ್ 1971ರಲ್ಲಿ ತೋರಿಸಿದರು. 2014ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಇಲಿ ನಡೆದಂತೆ ಈ ಕೋಶಗಳು ಒಂದಾದ ಮೇಲೊಂದು ಮಿಡಿಯುತ್ತವೆ. ಆಮೇಲೆ ಅದು ಮಲಗಿದಾಗ, ಅದೇ ಕೋಶಗಳು ಅದೇ ಸಾಲಿನಲ್ಲಿ ಮತ್ತೆ ಮಿಡಿಯುತ್ತವೆ. ಈ ಸಲ ಹತ್ತಿಪ್ಪತ್ತು ಪಟ್ಟು ವೇಗವಾಗಿ! ಆ ಹೊತ್ತಿನಲ್ಲಿ ಸೆಕೆಂಡಿಗೆ 150ರಿಂದ 200 ಸಲ ಏರಿಳಿಯುವ ಸಣ್ಣ ವಿದ್ಯುತ್ ಅಲೆಯೊಂದು ಕಾಣಿಸಿಕೊಳ್ಳುತ್ತದೆ. ಇದಕ್ಕೆ ರಿಪಲ್ ಅಂತ ಹೆಸರು. ಮನುಷ್ಯರಲ್ಲಿ ಇದರ ವೇಗ ಸ್ವಲ್ಪ ಕಡಿಮೆ.

ಇಷ್ಟು ವೇಗದ ತಾಳವನ್ನು ಯಾರು ಕಟ್ಟುತ್ತಾರೆ? ಜೋರಾಗಿ ಮಿಡಿಯುವ ಕೋಶಗಳೇ ಇರಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಉತ್ತರ ಬಹುಮಟ್ಟಿಗೆ ಉಲ್ಟಾ. ಹಿಪೊಕ್ಯಾಂಪಸ್‌ನಲ್ಲಿ ಜಾಸ್ತಿ ಇರುವುದು ಪಿರಮಿಡ್ ಕೋಶಗಳು. ಒಂದು ಮಿಡಿದರೆ ಪಕ್ಕದ್ದನ್ನೂ ಮಿಡಿಯಲು ತಳ್ಳುತ್ತದೆ. ಅವುಗಳ ನಡುವೆ, ನೂರಕ್ಕೆ ಹತ್ತು ಹದಿನೈದರಷ್ಟು, ಇತರ ಕೋಶಗಳನ್ನು ತಡೆಯುವ ಕೋಶಗಳಿವೆ. ಇವು ಗಾಬಾ ಎಂಬ ರಾಸಾಯನಿಕ ಬಿಟ್ಟು ಎದುರಿನ ಕೋಶವನ್ನು ಸುಮ್ಮನಾಗಿಸುತ್ತವೆ. ಇವುಗಳಲ್ಲೇ ಒಂದು ಬಗೆಯಾದ ಬಾಸ್ಕೆಟ್ ಕೋಶ, ಒಂದೊಂದೂ ಸಾವಿರಕ್ಕಿಂತ ಹೆಚ್ಚು ಪಿರಮಿಡ್ ಕೋಶಗಳನ್ನು ಮುಟ್ಟುತ್ತದೆ.

ವರ್ಷಕ್ಕೊಮ್ಮೆ ಹಾಸನಾಂಬ ದೇವಾಲಯದ ಬಾಗಿಲು ತೆರೆದಾಗ ಸಾಲಿನಲ್ಲಿ ನಿಂತವರಿಗೆ ಇದು ಬೇಗ ಅರ್ಥವಾದೀತು. ಹಿಂದಿನಿಂದ ಜನ ಒತ್ತುತ್ತಲೇ ಇರುತ್ತಾರೆ. ಆದರೆ ಎಲ್ಲರೂ ಒಟ್ಟಿಗೆ ಮುಂದೆ ಹೋಗುವುದು ಅಡ್ಡ ನಿಂತವರು ಜಾಗ ಬಿಟ್ಟಾಗ ಮಾತ್ರ. ಎಷ್ಟು ಹೊತ್ತಿಗೊಂದು ಗುಂಪು ಎಂಬುದು ಆ ತಡೆಯ ಕೈಯಲ್ಲಿದೆ. ಮೆದುಳಲ್ಲೂ ಹೀಗೇ. ಬಾಸ್ಕೆಟ್ ಕೋಶ ಒಮ್ಮೆ ಮಿಡಿದರೆ ಸಾವಿರ ಕೋಶಗಳು ಒಟ್ಟಿಗೆ ತೆಪ್ಪಗಾಗುತ್ತವೆ. ಆ ತಡೆ ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಇಳಿಯುತ್ತದೆ. ಇಳಿದ ಕೂಡಲೇ ಎಲ್ಲಕ್ಕೂ ಒಂದೇ ಹೊತ್ತಿಗೆ ಮಿಡಿಯುವ ಅವಕಾಶ. ಅವು ಮಿಡಿದು ಬಾಸ್ಕೆಟ್ ಕೋಶವನ್ನು ಮತ್ತೆ ಎಬ್ಬಿಸುತ್ತವೆ, ಅದು ಮತ್ತೆ ತಡೆಯುತ್ತದೆ. ಒಂದು ಸುತ್ತಿಗೆ 25 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ 40 ಸುತ್ತು. ಇದೇ ಗಾಮಾ ತಾಳ, ರಿಪಲ್‌ಗಿಂತ ನಿಧಾನದ್ದು.

ಈ ಕ್ಷೇತ್ರದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ 1995ರದ್ದು. ವಿಟಿಂಗ್ಟನ್, ಟ್ರಾಬ್ ಮತ್ತು ಜೆಫ್ರಿಸ್ ಇಲಿಯ ಹಿಪೊಕ್ಯಾಂಪಸ್‌ನ ತೆಳು ಹೋಳುಗಳನ್ನು ದ್ರವದಲ್ಲಿಟ್ಟು, ಕೋಶಗಳು ಒಂದನ್ನೊಂದು ತಕ್ಷಣ ತಳ್ಳುವ ಸಂಕೇತಗಳನ್ನು ಔಷಧಿ ಹಾಕಿ ನಿಲ್ಲಿಸಿದರು. ಉಳಿದದ್ದು ತಡೆಯುವ ಕೋಶಗಳ ಜಾಲ ಮಾತ್ರ. ಅದನ್ನು ಇನ್ನೊಂದು ದಾರಿಯಿಂದ ಸ್ವಲ್ಪ ಎಚ್ಚರಿಸಿದರೆ ಸಾಕು, ಸೆಕೆಂಡಿಗೆ 40ರ ತಾಳ ಶುರುವಾಯಿತು. ತಡೆ ಇಳಿಯುವ ಹೊತ್ತು ಉದ್ದವಾದಷ್ಟೂ ತಾಳ ನಿಧಾನವಾಯಿತು. ತಡೆಯುವವರು ಪರಸ್ಪರ ತಡೆದುಕೊಂಡರೂ ತಾಳ ಹುಟ್ಟುತ್ತದೆ ಎಂದಾಯಿತು. ಎಷ್ಟು ಚೊಕ್ಕವಾದ ಪ್ರಯೋಗ!

ರಿಪಲ್ ಇನ್ನೂ ಕಗ್ಗಂಟು. ಅದರ ಒಂದು ಸುತ್ತಿಗೆ ಸಿಗುವುದು ಐದಾರು ಮಿಲಿಸೆಕೆಂಡ್. ಹಿಪೊಕ್ಯಾಂಪಸ್‌ನ ಸಿಎ3 ಎಂಬ ಭಾಗ ಒಮ್ಮೆಲೇ ಭುಗಿಲೆದ್ದು ಪಕ್ಕದ ಸಿಎ1ನ್ನು ತಳ್ಳುತ್ತದೆ. ಅಲ್ಲಿ ಬಾಸ್ಕೆಟ್ ಕೋಶಗಳು ಹೆಚ್ಚುಕಡಿಮೆ ಪ್ರತಿ ಸುತ್ತಿಗೂ ಮಿಡಿಯುತ್ತವೆ. ಪಿರಮಿಡ್ ಕೋಶಗಳಲ್ಲಿ ಬಹುಪಾಲು ಸುಮ್ನೆ ಇರುತ್ತವೆ. ಮಿಡಿಯುವ ಕೆಲವು ಕೋಶಗಳೂ ಒಂದೆರಡು ಸಲ ಮಿಡಿದು ನಿಲ್ಲುತ್ತವೆ. ಐವತ್ತು ನೂರು ಮಿಲಿಸೆಕೆಂಡಿನಲ್ಲಿ ಎಲ್ಲಾ ಮುಗಿದೇ ಹೋಯಿತು. ಇಷ್ಟು ವೇಗ ಬಾಸ್ಕೆಟ್ ಕೋಶಗಳ ಪರಸ್ಪರ ತಡೆಯಿಂದಲೇ ಬರುತ್ತದೆ ಎಂದು ಒಂದು ಗುಂಪು ಹೇಳುತ್ತದೆ. ಪಿರಮಿಡ್ ಕೋಶಗಳ ತಂತುಗಳು ನೇರವಾಗಿ ಅಂಟಿಕೊಂಡು, ರಾಸಾಯನಿಕದ ಹಂಗಿಲ್ಲದೆ ವಿದ್ಯುತ್ ದಾಟಿಸುವುದರಿಂದ ಈ ವೇಗ ಬರುತ್ತದೆ ಎಂಬುದು 1998ರಲ್ಲಿ ಡ್ರಾಗುನ್ ಮತ್ತು ಸಂಗಡಿಗರು ಮುಂದಿಟ್ಟ ವಾದ. ಚರ್ಚೆ ಇನ್ನೂ ನಡೆದಿದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2019ರಲ್ಲಿ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ ನಮ್ಮ ಹಾಸನ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳ ನಿದ್ದೆಗೇ ಮೊದಲು ಕತ್ತರಿ ಹಾಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ರಿಪಲ್‌ಗಳು ಹೆಚ್ಚಾಗಿ ಬರುವುದು ಗಾಢ ನಿದ್ದೆಯಲ್ಲಿ, ಇಲ್ಲವೇ ಎಚ್ಚರವಿದ್ದೂ ಸುಮ್ಮನೆ ಕೂತಾಗ. 2009ರಲ್ಲಿ ಪ್ಯಾರಿಸ್‌ನ ವಿಜ್ಞಾನಿಗಳು ದಾರಿ ಕಲಿತು ಮಲಗಿದ ಇಲಿಗಳ ಪ್ರತಿ ರಿಪಲ್ ಶುರುವಾಗುತ್ತಿದ್ದಂತೆ ಸಣ್ಣ ವಿದ್ಯುತ್ ಕೊಟ್ಟು ಅದನ್ನು ಕೆಡಿಸಿದರು. ಆ ಇಲಿಗಳು ಕಲಿಕೆಯಲ್ಲಿ ಹಿಂದೆ ಬಿದ್ದವು. ರಿಪಲ್ ಇಲ್ಲದ ಹೊತ್ತಿನಲ್ಲಿ ಅಷ್ಟೇ ವಿದ್ಯುತ್ ಕೊಟ್ಟ ಇಲಿಗಳಿಗೆ ಏನೂ ಆಗಲಿಲ್ಲ. ಹತ್ತು ವರ್ಷದ ನಂತರ ನ್ಯೂಯಾರ್ಕ್‌ನ ನರವಿಜ್ಞಾನಿ ಬುಜಾಕಿಯವರ ಪ್ರಯೋಗಾಲಯ ರಿಪಲ್‌ಗಳನ್ನು ಉದ್ದ ಮಾಡಿ ನೋಡಿತು. ನೆನಪು ಸುಧಾರಿಸಿತು.

ತಲೆಯ ಮೇಲೆ ತಂತಿ ಅಂಟಿಸಿ ಮಾಡುವ ಇಇಜಿಯಲ್ಲಿ ಇಷ್ಟು ಆಳದ, ಇಷ್ಟು ಸಣ್ಣ ಅಲೆಯನ್ನು ಹಿಡಿಯುವುದು ಬಹಳ ಕಷ್ಟ. ಮನುಷ್ಯರ ರಿಪಲ್ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಬಂದಿರುವುದು ಮಾತ್ರೆಗೆ ಬಗ್ಗದ ಫಿಟ್ಸ್ ಇರುವವರಿಂದ. ಆಪರೇಷನ್‌ಗೆ ಮುಂಚೆ, ಫಿಟ್ಸ್ ಎಲ್ಲಿಂದ ಹುಟ್ಟುತ್ತಿದೆ ಎಂದು ಹುಡುಕಲು ವೈದ್ಯರು ಅವರ ಮೆದುಳಿನೊಳಗೆ ಸಣ್ಣ ತಂತಿಗಳನ್ನು ಇಳಿಸಿರುತ್ತಾರೆ. ಅಂಥ ಕೆಲವರಲ್ಲಿ ಸೆಕೆಂಡಿಗೆ 250ರಿಂದ 500ರವರೆಗಿನ, ಇನ್ನೂ ವೇಗದ ಅಲೆ ಕಂಡಿತು. ಇದು ನೆನಪಿನ ತಾಳವಲ್ಲ, ರೋಗದ ಗುರುತು. ಯಾವ ತುಣುಕನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂದು ತೀರ್ಮಾನಿಸಲು ಈ ಅಲೆ ನೆರವಾದೀತೇ ಎಂಬ ಅಧ್ಯಯನ ಈಗ ಆಪರೇಷನ್ ಕೋಣೆಗಳಲ್ಲೇ ನಡೆಯುತ್ತಿದೆ.