ಶಿಜಿಂಗ್: ಹಾಡು ಶಾಸ್ತ್ರವಾದ ಬಗೆ

ಪ್ರಾಚೀನ ಚೀನೀ ಕಾವ್ಯ ಎಂದರೆ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ‘ಶಿಜಿಂಗ್’ ಎಂಬ ಹಾಡುಗಳ ಸಂಕಲನ. ಒಟ್ಟು 305 ಪದ್ಯಗಳು. ಕ್ರಿ.ಪೂ. 11ರಿಂದ 7ನೇ ಶತಮಾನದ ಆಸುಪಾಸಿನವರೆಗೆ, ಝೌ ಅರಸರ ಕಾಲದಲ್ಲಿ, ಹೆಚ್ಚಾಗಿ ಹಳದಿ ನದಿಯ ಸುತ್ತಲಿನ ನಾಡುಗಳಲ್ಲಿ ಹುಟ್ಟಿದವು. ಹಾಡಿದವರ ಹೆಸರು ಬಹುಪಾಲು ಉಳಿದಿಲ್ಲ. 160 ಪದ್ಯಗಳು ಬೇರೆ ಬೇರೆ ಪ್ರದೇಶಗಳ ಹಾಡುಗಳಾದ ‘ಗುವೊಫೆಂಗ್’. ಮಿಕ್ಕವು ಆಸ್ಥಾನದ ಗೀತೆಗಳು ಮತ್ತು ಪೂಜೆಯ ಸ್ತುತಿಗಳು. ವಿಭಾಗಗಳ ವಿಷಯ ಇಷ್ಟು ಸಾಕು.

ಮೊದಲ ಪದ್ಯ ‘ಗುವಾನ್ ಜೂ’ವನ್ನು ನಿಧಾನವಾಗಿ ಓದಬೇಕು. ನದಿಯ ನಡುಗಡ್ಡೆಯಲ್ಲಿ ಹಕ್ಕಿಗಳ ಜೋಡಿ ಕೂಗುತ್ತದೆ. ಮರುಕ್ಷಣವೇ ಒಬ್ಬ ಚೆಲುವೆ, ಅವಳನ್ನು ಬಯಸುವ ಒಬ್ಬ ತರುಣ. ಅವಳು ಎಡಕ್ಕೂ ಬಲಕ್ಕೂ ಕೈಚಾಚಿ ನೀರಿನ ಸೊಪ್ಪು ಕೀಳುತ್ತಾಳೆ; ಅವನು ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಾನೆ. ಹಕ್ಕಿಗೂ ತರುಣನಿಗೂ ಏನು ಸಂಬಂಧ? ಪದ್ಯ ಹೇಳುವುದಿಲ್ಲ. ಪ್ರಕೃತಿಯ ಚಿತ್ರವೊಂದನ್ನು ಮೊದಲಿಟ್ಟು ಮನುಷ್ಯನ ಮಾತನ್ನು ಪಕ್ಕದಲ್ಲಿ ತಂದಿಡುವ ಈ ಕ್ರಮಕ್ಕೆ ‘ಶಿಂಗ್’ ಎಂದು ಹೆಸರು. ನೇರವಾಗಿ ಹೇಳುವುದು ‘ಫು’, ಹೋಲಿಸಿ ಹೇಳುವುದು ‘ಬಿ’. ಮೂರರಲ್ಲಿ ಶಿಂಗ್ ಒಂದೇ ಓದುಗನ ಕೈಗೆ ಕೆಲಸ ಕೊಡುವಂಥದ್ದು. ಸಾಲಿಗೆ ಸಾಮಾನ್ಯವಾಗಿ ನಾಲ್ಕೇ ಅಕ್ಷರ ಇರುವಾಗ ವಿವರಿಸಲು ಜಾಗವಾದರೂ ಎಲ್ಲಿದೆ!

ಆ ಖಾಲಿ ಜಾಗಕ್ಕೇ ವ್ಯಾಖ್ಯಾನಕಾರರು ನುಗ್ಗಿದರು. ಹಾನ್ ಅರಸರ ಕಾಲದಿಂದ (ಕ್ರಿ.ಪೂ. 3ರಿಂದ ಕ್ರಿ.ಶ. 3ನೇ ಶತಮಾನ) ನಮಗೆ ಪೂರ್ತಿಯಾಗಿ ಉಳಿದು ಬಂದದ್ದು ಮಾವೋ ಎಂಬ ಆ ಕಾಲದ ವಿದ್ವಾಂಸರ ಹೆಸರಿನ ವ್ಯಾಖ್ಯಾನ ಪರಂಪರೆ. ಅದರ ಪ್ರಕಾರ ಗುವಾನ್ ಜೂ ಪ್ರೇಮಗೀತೆಯಲ್ಲ, ಅದು ರಾಣಿಯ ಸದ್ಗುಣದ ವರ್ಣನೆ. ಹೀಗೆ ಹಾಡು ಶಾಸ್ತ್ರವಾಯಿತು. 12ನೇ ಶತಮಾನದ ವ್ಯಾಖ್ಯಾನಕಾರ ಝು ಶಿ, ಗುವೊಫೆಂಗ್‌ನ ಹಲವು ಪದ್ಯಗಳು ಗಂಡುಹೆಣ್ಣುಗಳ ಒಲವಿನ ಹಾಡುಗಳೇ ಎಂದು ಒಪ್ಪಿಕೊಂಡ. ಅವನೂ ಈ ಮೊದಲ ಪದ್ಯವನ್ನು ಮಾತ್ರ ರಾಣಿಗೇ ಬಿಟ್ಟುಕೊಟ್ಟ!

ಆದರೆ ವ್ಯಾಖ್ಯಾನವನ್ನೆಲ್ಲ ನಕ್ಕು ತಳ್ಳಿಹಾಕುವುದು ಅವಸರವಾದೀತು. ‘ಶುವೊ ಶು’ ಪದ್ಯದಲ್ಲಿ ಒಬ್ಬ ರೈತ ದೊಡ್ಡ ಇಲಿಗೆ ಹೇಳುತ್ತಾನೆ: ನಮ್ಮ ಧಾನ್ಯ ತಿನ್ನಬೇಡ, ಮೂರು ವರ್ಷ ನಿನ್ನನ್ನು ಸಾಕಿದೆವು, ನೀನು ನಮ್ಮತ್ತ ತಿರುಗಿಯೂ ನೋಡಲಿಲ್ಲ, ಇನ್ನು ನಿನ್ನನ್ನು ಬಿಟ್ಟು ಸುಖದ ನಾಡಿಗೆ ಹೋಗುತ್ತೇವೆ. ಇದು ತೆರಿಗೆಯ ಸುಲಿಗೆಯ ಟೀಕೆ ಎಂದ ಮಾವೋ ಪರಂಪರೆಯ ಮಾತು ಇಲ್ಲಿ ಸರಿಯಾಗಿಯೇ ಕೂರುತ್ತದೆ. ಅರಸನಿಗೆ ಹೇಳಲಾಗದ್ದನ್ನು ಪದ್ಯದ ಮರೆಯಲ್ಲಿ ಹೇಳಬಹುದು ಎಂಬ ನಂಬಿಕೆ ಚೀನೀ ಕವಿಗಳಲ್ಲಿ ಬೇರೂರಿದ್ದಕ್ಕೆ ಇಂಥ ಓದೂ ಒಂದು ಕಾರಣ. ಕಾವ್ಯದಿಂದ ಅಳಲನ್ನು ತೋಡಿಕೊಳ್ಳಬಹುದು ಎಂದು ಕನ್‌ಫ್ಯೂಷಿಯಸ್‌ನೇ ಹೇಳಿದ್ದಾನೆ. ಹಕ್ಕಿ, ಪ್ರಾಣಿ, ಗಿಡಗಳ ಹೆಸರು ಕಲಿಯಬಹುದು ಎಂದೂ ಸೇರಿಸಿದ್ದಾನೆ.

ದಕ್ಷಿಣದ ಚೂ ನಾಡಿನ ಕಾವ್ಯ ಬೇರೆಯೇ ಬಗೆಯದು. ಅಲ್ಲಿ ಸಾಲು ಉದ್ದ, ದೇವತೆಗಳು ಹೆಚ್ಚು. ಕವಿಗೂ ಒಂದು ಹೆಸರಿದೆ: ಗಡೀಪಾರಾಗಿ ಮಿಲುವೊ ನದಿಗೆ ಹಾರಿದನೆನ್ನುವ ಚು ಯುವಾನ್. ಅವನ ಹೆಸರಿನಲ್ಲಿರುವ ‘ತಿಯಾನ್‌ವೆನ್’ ಕಾವ್ಯ ಆಕಾಶದ ಬಗ್ಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತದೆ. 2020ರಲ್ಲಿ ಚೀನಾ ಮಂಗಳನತ್ತ ಕಳಿಸಿದ ನೌಕೆಗೆ ಇಟ್ಟದ್ದು ಅದೇ ಹೆಸರು.

ಪ್ರಭಾವದ ಪ್ರಶ್ನೆ ಬಂದರೆ ನಾನು ಹಿಂಬಾಲಿಸುವುದು ಶಿಜಿಂಗ್‌ನ ‘ಲು ಮಿಂಗ್’ (ಜಿಂಕೆಗಳ ಕೂಗು) ಪದ್ಯವನ್ನು. ಜಿಂಕೆಗಳು ‘ಯೊಯೊ’ ಎಂದು ಕೂಗುತ್ತ ಮೇಯುತ್ತವೆ. ಮನೆಯೊಡೆಯ ಅತಿಥಿಗಳನ್ನು ವಾದ್ಯಗಳೊಂದಿಗೆ ಸತ್ಕರಿಸುತ್ತಾನೆ. ಸುಮಾರು ಸಾವಿರ ವರ್ಷದ ಬಳಿಕ ದಂಡನಾಯಕ ತ್ಸಾವೊ ತ್ಸಾವೊ ಪ್ರತಿಭಾವಂತರನ್ನು ತನ್ನ ಬಳಿಗೆ ಕರೆಯುವ ಪದ್ಯದಲ್ಲಿ ಈ ಸಾಲುಗಳನ್ನು ಹಾಗೆಯೇ ಎತ್ತಿಕೊಂಡ. 1883ರಲ್ಲಿ ಟೋಕಿಯೋದಲ್ಲಿ ವಿದೇಶಿ ಅತಿಥಿಗಳಿಗಾಗಿ ಕಟ್ಟಿದ ರೊಕುಮೈಕಾನ್ (‘ಜಿಂಕೆ ಕೂಗಿನ ಭವನ’) ಭವನಕ್ಕೆ ಹೆಸರು ಕೊಟ್ಟದ್ದೂ ಇದೇ ಪದ್ಯ. 2015ರಲ್ಲಿ ವೈದ್ಯಕೀಯ ನೊಬೆಲ್ ಪಡೆದ ಚೀನೀ ವಿಜ್ಞಾನಿ ತು ಯೊಯೊ ಅವರ ಹೆಸರು ಆ ಜಿಂಕೆಗಳ ಕೂಗು. ಪದ್ಯದ ಎರಡನೆಯ ಚರಣದಲ್ಲಿ ಜಿಂಕೆಗಳು ತಿನ್ನುವುದು ‘ಹಾವೊ’ ಎಂಬ ಗಿಡ. ಯೊಯೊ ಅವರು ಮಲೇರಿಯಾದ ಔಷಧಿ ಕಂಡುಕೊಂಡದ್ದು ‘ಚಿಂಗ್‌ಹಾವೊ’ ಗಿಡದಲ್ಲಿ.